ಹಲಗೆ, ಆರು ತಂತಿ, ಒಂದು ಉಕ್ಕಿನ ತುಂಡು: ಮನೆಯಲ್ಲೇ ಸ್ಟೀಲ್ ಗಿಟಾರ್ ಮಾಡುವುದು ಹೇಗೆ?

ಮಂಗಳೂರು, ಉಡುಪಿ ಕಡೆಯವರಿಗೆ ಗಿಟಾರ್ ಹೊಸದಲ್ಲ. ಇಗರ್ಜಿಯ ಗಾಯನ ತಂಡದಲ್ಲಿ ಇದೆ, ಮದುವೆಯ ಮುನ್ನಾದಿನದ ರೋಸ್ ಮನೆಯಲ್ಲಿ ಇದೆ, ಕಾಲೇಜು ಡೇಗೆ ಇಲ್ಲದೆ ಆಗುವುದೇ ಇಲ್ಲ. ಆದರೆ ಈಗ ಮೊಬೈಲಿನಲ್ಲಿ ಇನ್ನೊಂದು ತರದ ಗಿಟಾರ್ ಕಾಣುತ್ತಿದೆ. ತೊಡೆಯ ಮೇಲೆ ಮಲಗಿಸಿದ ಒಂದು ಹಲಗೆ, ಅದರ ಮೇಲೆ ಆರು ತಂತಿ, ಎಡಗೈಯಲ್ಲಿ ಒಂದು ಉಕ್ಕಿನ ತುಂಡು. ಅದನ್ನು ಜಾರಿಸಿದರೆ ಸಾಕು, ಸ್ವರ ಎಳೆದುಕೊಂಡು ಹೋಗುತ್ತದೆ. ಇದನ್ನು ಮನೆಯಲ್ಲೇ ಮಾಡಿದವರ ವಿಡಿಯೋ ಬೇಕಾದಷ್ಟು ಇವೆ. ನೋಡಿದವರು ಕೇಳುವ ಪ್ರಶ್ನೆ ಎರಡೇ: ಇದು ಎಂತದ್ದು, ಮತ್ತು ನಮ್ಮ ಕೈಯಲ್ಲಿ ಆಗುತ್ತದಾ?

ಆಗುತ್ತದೆ. ಎಲ್ಲ ಗಿಟಾರ್‌ಗಳ ಪೈಕಿ ಮನೆಯಲ್ಲಿ ಮಾಡಲು ಸುಲಭವಾದದ್ದು ಇದೇ. ಆದರೆ ಮೂರು ವಿಷಯದಲ್ಲಿ ಮಾತ್ರ ರಾಜಿ ನಡೆಯುವುದಿಲ್ಲ. ಹಲಗೆ ಬಾಗಬಾರದು, ತಂತಿಗಳ ಮೇಲ್ಭಾಗ ಒಂದೇ ಮಟ್ಟದಲ್ಲಿರಬೇಕು, ಕರೆಂಟಿನ ಅರ್ತಿಂಗ್ ಸರಿ ಇರಬೇಕು. ಉಳಿದದ್ದೆಲ್ಲ, ಆಕಾರ, ಬಣ್ಣ, ಯಾವ ಮರ, ಎಷ್ಟು ಚಂದ, ಅದೆಲ್ಲ ನಿಮ್ಮ ಇಷ್ಟ.

ಮೊದಲಿಗೆ, ಇದು ಎಂತ ವಾದ್ಯ?

ಸ್ಟೀಲ್ ಗಿಟಾರ್ ಅಂದರೆ ಉಕ್ಕಿನಿಂದ ಮಾಡಿದ ಗಿಟಾರ್ ಅಲ್ಲ. ಉಕ್ಕು ಇರುವುದು ವಾದಕರ ಎಡಗೈಯಲ್ಲಿ. ಆ ತುಂಡಿಗೆ ಬಾರ್ ಎನ್ನುತ್ತಾರೆ. ಮಾಮೂಲಿ ಗಿಟಾರ್‌ನಲ್ಲಿ ಬೆರಳಿನಿಂದ ತಂತಿಯನ್ನು ಫ್ರೆಟ್‌ಗೆ, ಅಂದರೆ ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಗೆ, ಒತ್ತುತ್ತೇವೆ. ಇಲ್ಲಿ ಒತ್ತುವುದೇ ಇಲ್ಲ. ತಂತಿ ಹಲಗೆಯಿಂದ ಸುಮಾರು 10 ಮಿ.ಮೀ. ಮೇಲೆ ಇರುತ್ತದೆ. ಬಾರ್ ತಂತಿಯ ಮೇಲೆ ಕೂತು, ಎಲ್ಲಿ ಕೂತಿತೋ ಅಲ್ಲಿಗೆ ತಂತಿಯ ಉದ್ದವನ್ನು ತುಂಡರಿಸುತ್ತದೆ. ಜಾರಿಸಿದರೆ ಉದ್ದ ಬದಲಾಗುತ್ತಾ ಹೋಗುತ್ತದೆ, ಸ್ವರವೂ ಜಾರುತ್ತದೆ. ಗಮಕ, ಮೀಂಡ್ ಎಂದು ನಾವು ಹೇಳುವುದು ಇದರಲ್ಲಿ ಸಲೀಸಾಗಿ ಬರುತ್ತದೆ. ಕರ್ನಾಟಕ ಸಂಗೀತದ ಗೋಟುವಾದ್ಯವನ್ನೂ ಹೀಗೇ ನುಡಿಸುತ್ತಾರೆ. ಅದಕ್ಕೂ ಫ್ರೆಟ್ ಇಲ್ಲ, ಅದರಲ್ಲೂ ಒಂದು ತುಂಡನ್ನು ತಂತಿಯ ಮೇಲೆ ಜಾರಿಸುತ್ತಾರೆ.

ಗಿಟಾರ್‌ನಲ್ಲಿ ಈ ಕ್ರಮ ಬಂದದ್ದು ಹವಾಯಿ ದ್ವೀಪಗಳಿಂದ, 19ನೇ ಶತಮಾನದ ಕೊನೆಯಲ್ಲಿ. ಓವಾಹು ದ್ವೀಪದ ಜೋಸೆಫ್ ಕೆಕುಕು ಎಂಬ ಹುಡುಗನ ಹೆಸರು ಇದಕ್ಕೆ ಅಂಟಿಕೊಂಡಿದೆ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನಡೆದ ದೊಡ್ಡ ಪ್ರದರ್ಶನದಲ್ಲಿ ಹವಾಯಿ ಸಂಗೀತ ಕೇಳಿದ ಮೇಲೆ ಅಮೆರಿಕದ ಜನ ಅದಕ್ಕೆ ಮರುಳಾದರು. ಆಮೇಲೆ ಅದು ನಮ್ಮ ದೇಶಕ್ಕೂ ಬಂತು. ಕಲ್ಕತ್ತದಲ್ಲಿ ಬೇರು ಬಿಟ್ಟಿತು, ಹಿಂದಿ ಚಿತ್ರಸಂಗೀತಕ್ಕೂ ಹೋಯಿತು. ಹಿಂದೂಸ್ತಾನಿ ರಾಗಗಳನ್ನು ಇದರಲ್ಲಿ ಗಟ್ಟಿಯಾಗಿ ನಿಲ್ಲಿಸಿದವರು ಬ್ರಿಜ್ ಭೂಷಣ್ ಕಾಬ್ರಾ. ವಿಶ್ವಮೋಹನ ಭಟ್ಟರು ತಮ್ಮ ಮೋಹನವೀಣೆಗೆ 1994ರಲ್ಲಿ ಗ್ರ್ಯಾಮಿ ತಂದರು. ಮೋಹನವೀಣೆ ಕೂಡ ಮೂಲದಲ್ಲಿ ಇದೇ ಜಾತಿಯ ಗಿಟಾರ್.

ಇನ್ನೊಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ಪ್ರಪಂಚದಲ್ಲಿ ಅಂಗಡಿಗೆ ಬಂದು ಚೆನ್ನಾಗಿ ಮಾರಾಟವಾದ ಮೊದಲ ಎಲೆಕ್ಟ್ರಿಕ್ ಗಿಟಾರ್ ಕೂಡ ತೊಡೆಯ ಮೇಲಿಡುವ ಈ ಸ್ಟೀಲ್ ಗಿಟಾರೇ. ಜಾರ್ಜ್ ಬೋಶಾಂಪ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ ಸೇರಿ 1931ರಲ್ಲಿ ಅದರ ಮಾದರಿ ಮಾಡಿದರು, 1932ರಲ್ಲಿ ಮಾರಾಟಕ್ಕೆ ಬಿಟ್ಟರು. ಎರಕ ಹೊಯ್ದ ಅಲ್ಯೂಮಿನಿಯಂ, ದುಂಡು ಒಡಲು, ಉದ್ದ ಕೈ. ಜನ ಅದನ್ನು ಬಾಣಲೆ ಎಂದೇ ಕರೆದರು. ಆದರೆ ವೇದಿಕೆಯ ದೀಪದ ಬಿಸಿಗೆ ಅಲ್ಯೂಮಿನಿಯಂ ಹಿಗ್ಗಿ ಶ್ರುತಿ ತಪ್ಪುತ್ತಿತ್ತು. ಒಳಗೆ ಟೊಳ್ಳು ಇಲ್ಲದ ಗಟ್ಟಿ ತುಂಡಿನಿಂದಲೂ ಗಿಟಾರ್ ಆಗುತ್ತದೆ ಎಂದು ತೋರಿಸಿದ್ದು ಮಾತ್ರ ಅದೇ ಬಾಣಲೆ. ನಮ್ಮ ಹಲಗೆಗೆ ಧೈರ್ಯ ಬರುವುದು ಅಲ್ಲಿಂದ.

ಸುಲಭ ಯಾಕೆ?

ಮಾಮೂಲಿ ಗಿಟಾರ್‌ನ ಕಷ್ಟ ಇರುವುದು ಅದರ ಕತ್ತಿನಲ್ಲಿ. ಕೈಗೆ ಹಿಡಿಯುವಷ್ಟು ತೆಳ್ಳಗಿರಬೇಕು, ಆದರೆ ಬಾಗಬಾರದು. ಅದಕ್ಕಾಗಿ ಒಳಗೆ ಕಬ್ಬಿಣದ ಸರಳು ಹಾಕುತ್ತಾರೆ. ಮೇಲೆ ಇಪ್ಪತ್ತಕ್ಕೂ ಜಾಸ್ತಿ ಫ್ರೆಟ್. ಒಂದು ಫ್ರೆಟ್ ಕೂದಲೆಳೆಯಷ್ಟು ಎತ್ತರವಾದರೂ ತಂತಿ ಜಿರ್ ಎನ್ನುತ್ತದೆ. ಅದು ವರ್ಷಗಟ್ಟಲೆ ಕೈ ಪಳಗಿದವರ ಕೆಲಸ.

ಸ್ಟೀಲ್ ಗಿಟಾರ್‌ನಲ್ಲಿ ಕತ್ತನ್ನು ಯಾರೂ ಹಿಡಿಯುವುದಿಲ್ಲ. ಹಾಗಾಗಿ ಅದು ಎಷ್ಟು ದಪ್ಪ ಇದ್ದರೂ ನಡೆಯುತ್ತದೆ. ಫ್ರೆಟ್ ಬೇಡ, ಗೆರೆ ಎಳೆದರೆ ಸಾಕು. ಟೊಳ್ಳು ಒಡಲು ಬೇಡ, ಯಾಕೆಂದರೆ ಸದ್ದನ್ನು ದೊಡ್ಡದು ಮಾಡುವ ಕೆಲಸ ಕರೆಂಟಿನದ್ದು. ಉಳಿಯುವುದು ಒಂದು ನೇರವಾದ ಮರದ ತುಂಡು.

ಸ್ವರ ಎಲ್ಲಿ ಕೂರುತ್ತದೆ?

ತಂತಿಯ ಸ್ವರವನ್ನು ನಿರ್ಧರಿಸುವುದು ಮೂರು: ಉದ್ದ, ಬಿಗಿತ, ದಪ್ಪ. ಉದ್ದ ಕಡಿಮೆಯಾದರೆ ಸ್ವರ ಏರುತ್ತದೆ. ಬಿಗಿ ಮಾಡಿದರೂ ಏರುತ್ತದೆ. ತಂತಿ ದಪ್ಪವಾದರೆ ಇಳಿಯುತ್ತದೆ. ಉದ್ದ ಅರ್ಧವಾದರೆ ಸ್ವರ ಸರಿಯಾಗಿ ಒಂದು ಸ್ಥಾಯಿ ಮೇಲೆ ಹೋಗುತ್ತದೆ, ಮಧ್ಯ ಷಡ್ಜದಿಂದ ತಾರ ಷಡ್ಜಕ್ಕೆ.

ಇಲ್ಲಿ ಉದ್ದ ಅಂದರೆ ಎರಡು ಆಧಾರಗಳ ನಡುವಿನ ದೂರ. ತಲೆಯ ಕಡೆ ಇರುವುದು ನಟ್. ಬಾಲದ ಕಡೆ ಇರುವುದು ಬ್ರಿಡ್ಜ್, ವೀಣೆಯವರು ಕುದುರೆ ಎನ್ನುವುದು ಇದನ್ನೇ. ಈ ದೂರಕ್ಕೆ ಸ್ಕೇಲ್ ಎನ್ನುತ್ತಾರೆ. ಅಂಗಡಿಯ ಲ್ಯಾಪ್ ಸ್ಟೀಲ್‌ಗಳಲ್ಲಿ (ತೊಡೆಯ ಮೇಲಿಡುವ ಸ್ಟೀಲ್ ಗಿಟಾರ್) ಇದು ಸಾಮಾನ್ಯವಾಗಿ 22ರಿಂದ 25 ಇಂಚು. ಮನೆಯಲ್ಲಿ ಮಾಡುವವರು 600 ಮಿ.ಮೀ. ಇಟ್ಟುಕೊಳ್ಳಿ. ಲೆಕ್ಕಕ್ಕೆ ಸುಲಭ.

ಈಗ ಗೆರೆ ಎಲ್ಲಿ ಹಾಕುವುದು? ಒಂದು ಸ್ಥಾಯಿಯಲ್ಲಿ ಹನ್ನೆರಡು ಸ್ವರಸ್ಥಾನ. ಗಿಟಾರ್‌ನವರು ಈ ಹನ್ನೆರಡು ಮೆಟ್ಟಿಲನ್ನೂ ಒಂದೇ ಪ್ರಮಾಣದಲ್ಲಿ ಹಂಚುತ್ತಾರೆ. ಅದಕ್ಕೊಂದು ಸಂಖ್ಯೆ ಇದೆ, 17.817. ಸ್ಕೇಲನ್ನು ಇದರಿಂದ ಭಾಗಿಸಿದರೆ ನಟ್‌ನಿಂದ ಮೊದಲ ಗೆರೆಗೆ ಇರುವ ದೂರ ಸಿಗುತ್ತದೆ. 600ನ್ನು ಭಾಗಿಸಿದರೆ 33.7 ಮಿ.ಮೀ. ಬಂತು. ಉಳಿದ ಉದ್ದವನ್ನು ಮತ್ತೆ 17.817ರಿಂದ ಭಾಗಿಸಿದರೆ ಎರಡನೇ ಗೆರೆಗೆ ಇನ್ನೆಷ್ಟು ಮುಂದೆ ಹೋಗಬೇಕು ಎಂದು ಗೊತ್ತಾಗುತ್ತದೆ. ಹೀಗೇ ಮುಂದೆ. 600ರ ಸ್ಕೇಲಿಗೆ ನಟ್‌ನಿಂದ ಗೆರೆಗಳ ದೂರ ಮಿಲಿಮೀಟರಿನಲ್ಲಿ ಹೀಗೆ ಬರುತ್ತದೆ: 33.7, 65.5, 95.5, 123.8, 150.5, 175.7, 199.5, 222.0, 243.2, 263.3, 282.2, 300. ಹನ್ನೆರಡನೆಯದು ಸರಿಯಾಗಿ ಅರ್ಧದಲ್ಲಿ ಬಂದಿದೆ ನೋಡಿ. ಅಲ್ಲಿಂದ ಮುಂದಿನ ಸ್ಥಾಯಿಗೆ ಇದೇ ಅಳತೆಯ ಅರ್ಧರ್ಧ, ಇಪ್ಪತ್ತನಾಲ್ಕನೇ ಗೆರೆ 450ಕ್ಕೆ ಬೀಳುತ್ತದೆ.

ಗುರುತು ಹಾಕುವಾಗ ಪ್ರತಿ ಗೆರೆಯನ್ನೂ ನಟ್‌ನಿಂದಲೇ ಅಳೆಯಿರಿ. ಹಿಂದಿನ ಗೆರೆಯಿಂದ ಮುಂದಿನದಕ್ಕೆ ಅಳೆಯುತ್ತಾ ಹೋದರೆ ಒಂದೊಂದು ಕಡೆ ಆದ ಚೂರು ತಪ್ಪು ಕೂಡುತ್ತಾ ಹೋಗಿ, ಕೊನೆಗೆ ಮೂರು ನಾಲ್ಕು ಮಿಲಿಮೀಟರ್ ವ್ಯತ್ಯಾಸ ಬರುತ್ತದೆ.

ತೆರೆದ ತಂತಿ ಷಡ್ಜ ಆದರೆ ಐದನೇ ಗೆರೆ ಶುದ್ಧ ಮಧ್ಯಮ, ಏಳನೆಯದು ಪಂಚಮ, ಹನ್ನೆರಡನೆಯದು ತಾರ ಷಡ್ಜ. ಆದರೆ ನಮ್ಮ ಕಿವಿ ಒಪ್ಪುವ ಪಂಚಮ ತಂತಿಯ ಮೂರನೇ ಒಂದು ಭಾಗದಲ್ಲಿದೆ, ಅಂದರೆ ಸರಿಯಾಗಿ 200 ಮಿ.ಮೀ.ಗೆ. ಗೆರೆ ಇರುವುದು 199.5ಕ್ಕೆ. ಅರ್ಧ ಮಿಲಿಮೀಟರ್, ಅದನ್ನು ಬಿಟ್ಟುಬಿಡಿ. ಮಧ್ಯಮವೂ ಅಷ್ಟೇ, 150 ಮತ್ತು 150.5. ಅಂತರ ಗಾಂಧಾರದಲ್ಲಿ ಮಾತ್ರ ಕಥೆ ಬೇರೆ. ತಂಬೂರದ ಜೊತೆ ಕೂರುವ ಗಾಂಧಾರ ಐದನೇ ಒಂದು ಭಾಗದಲ್ಲಿ, 120 ಮಿ.ಮೀ.ಗೆ ಬರುತ್ತದೆ. ಗಿಟಾರ್‌ನ ನಾಲ್ಕನೇ ಗೆರೆ 123.8ಕ್ಕೆ. ಹೆಚ್ಚುಕಡಿಮೆ ನಾಲ್ಕು ಮಿಲಿಮೀಟರ್! ಫ್ರೆಟ್ ಇರುವ ಗಿಟಾರ್‌ನಲ್ಲಿ ಬೆರಳಿಗೆ ಆ ಫ್ರೆಟ್‌ಗಿಂತ ಕೆಳಗಿನ ಸ್ವರವನ್ನು ಹಿಡಿಯಲಾಗುವುದಿಲ್ಲ. ಇಲ್ಲಿ ಫ್ರೆಟ್ ಇಲ್ಲವಲ್ಲ, ಬಾರನ್ನು ಚೂರು ಹಿಂದೆ ಸರಿಸಿದರೆ ಆಯಿತು. ಈ ಗಿಟಾರ್ ನಮ್ಮ ರಾಗಗಳಿಗೆ ಯಾಕೆ ಒಗ್ಗಿತು ಎಂಬುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದೇ. ಗೆರೆ ಇರುವುದು ಕಣ್ಣಿಗೆ ದಾರಿ ತೋರಿಸಲು, ಕೊನೆಗೆ ಬಾರನ್ನು ನಿಲ್ಲಿಸಬೇಕಾದ್ದು ಕಿವಿ.

ಮರ: ಕರಾವಳಿಯಲ್ಲಿ ಯಾವುದು, ಎಷ್ಟು ದಪ್ಪ?

ಆರು ತಂತಿ ಸೇರಿ ಹಲಗೆಯನ್ನು ಎಳೆಯುವ ಬಲ ಸುಮ್ನೆ ಅಲ್ಲ. ತಂತಿಯ ದಪ್ಪ ಮತ್ತು ಶ್ರುತಿಗೆ ತಕ್ಕಂತೆ 40ರಿಂದ 80 ಕಿಲೋ ಭಾರ ನೇತುಹಾಕಿದಷ್ಟು ಆಗುತ್ತದೆ, ಅದೂ ರಾತ್ರಿ ಹಗಲು. ತಂತಿ ಇರುವುದು ಹಲಗೆಯ ಮೇಲ್ಗಡೆ. ಹಾಗಾಗಿ ಎರಡು ತುದಿಗಳೂ ಮೇಲಕ್ಕೆ ಬಾಗಲು ನೋಡುತ್ತವೆ. ಇದನ್ನು ತಡೆಯುವುದು ದಪ್ಪ. ದಪ್ಪ ಎರಡು ಪಟ್ಟು ಆದರೆ ಹಲಗೆಯ ಬಿರುಸು ಎಂಟು ಪಟ್ಟು ಆಗುತ್ತದೆ. 20 ಮಿ.ಮೀ. ಹಲಗೆ ಖಂಡಿತ ಬಾಗುತ್ತದೆ. 40 ಮಿ.ಮೀ., ಅಂದರೆ ಒಂದೂವರೆ ಇಂಚಿಗಿಂತ ಸ್ವಲ್ಪ ಜಾಸ್ತಿ, ಇದ್ದರೆ ಯೋಚನೆ ಬೇಡ. ಉದ್ದ 80 ಸೆಂ.ಮೀ., ಅಗಲ ಕನಿಷ್ಠ 8 ಸೆಂ.ಮೀ. ಇರಲಿ. ಈ ಅಳತೆಯ ಹಲಸಿನ ತುಂಡು ಒಂದೂವರೆ ಕಿಲೋ ಆಸುಪಾಸು ತೂಗುತ್ತದೆ, ತೊಡೆಗೆ ಭಾರವಾಗುವುದಿಲ್ಲ.

ಮರ ಯಾವುದಾದರೇನು ಎಂದು ಕೇಳಿದರೆ, ಎಲೆಕ್ಟ್ರಿಕ್ ವಾದ್ಯಕ್ಕೆ ಮರದ ಜಾತಿಯಿಂದ ಆಗುವ ವ್ಯತ್ಯಾಸ ಕಡಿಮೆ. ಒಣಗಿದೆಯೋ ಇಲ್ಲವೋ ಎಂಬುದೇ ಮುಖ್ಯ. ಹಲಸು ನಮ್ಮಲ್ಲಿ ವಾದ್ಯದ ಮರವೇ, ವೀಣೆ, ಮದ್ದಳೆ, ಚೆಂಡೆ ಎಲ್ಲ ಅದರಲ್ಲೇ ಆಗುವುದು. ಸಾಗುವಾನಿ ಅಲ್ಲಾಡುವುದು ಕಡಿಮೆ, ಉಳಿಗೂ ಒಳ್ಳೆಯದು. ಹೆಬ್ಬಲಸು ಕೂಡ ಆದೀತು. ಮರ ಸಿಗದಿದ್ದರೆ ಮರೈನ್ ಪ್ಲೈಯ ಎರಡು ತುಂಡು ಅಂಟಿಸಿ ಮಾಡಬಹುದು, ಚಂದ ಕಾಣಲಿಕ್ಕಿಲ್ಲ, ಅಷ್ಟೇ. ತೆಂಗಿನ ಮರ ಬೇಡ. ಹೊರಗೆ ಕಬ್ಬಿಣದ ಹಾಗೆ ಗಟ್ಟಿ, ಒಳಗೆ ಮೆತ್ತಗೆ, ಸ್ಕ್ರೂ ಹಿಡಿಯುವುದಿಲ್ಲ.

ನಮ್ಮೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ. ಮಳೆಗಾಲದಲ್ಲಿ ಬಾಗಿಲು ಹಿಡಿದುಕೊಳ್ಳುವುದು ಯಾರಿಗೆ ಗೊತ್ತಿಲ್ಲ? ಮರ ತೇವ ಕುಡಿದಾಗ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಅಂದರೆ ಸ್ಕೇಲ್ 600 ಇದ್ದದ್ದು 600 ಆಗಿಯೇ ಇರುತ್ತದೆ. ತೊಂದರೆ ಬರುವುದು ಹಸಿ ಮರ ಒಣಗುತ್ತಾ ತಿರುಚಿಕೊಂಡಾಗ. ಒಂದು ತುದಿ ಎಡಕ್ಕೆ, ಇನ್ನೊಂದು ಬಲಕ್ಕೆ ವಾಲಿದರೆ ತಂತಿಗಳ ಮಟ್ಟ ಹೋಯಿತು. ಆಮೇಲೆ ಆ ಹಲಗೆಯನ್ನು ಉಳಿಸುವುದು ಕಷ್ಟ.

ಅದಕ್ಕೇ ನನ್ನ ಓಟು ಹಳೆ ಮರಕ್ಕೆ. ಹೆಂಚಿನ ಮನೆ ಕೆಡವಿದಲ್ಲಿ ದಾರಂದ, ಪಕ್ಕಾಸು ಸಿಗುತ್ತವೆ. ಎಷ್ಟೋ ಮಳೆಗಾಲ ಕಂಡು, ಇನ್ನು ತಿರುಚಲು ಏನೂ ಉಳಿದಿಲ್ಲದ ಮರ ಅದು. ತರುವ ಮುಂಚೆ ಗೆದ್ದಲು, ಕುಟ್ಟೆ ನೋಡಿ. ಒಳಗೆ ಮುರಿದ ಮೊಳೆ ಇದೆಯಾ ಎಂದು ಒಂದು ಅಯಸ್ಕಾಂತ ಆಡಿಸಿ ನೋಡಿ. ಇಲ್ಲದಿದ್ದರೆ ಸಾಮಿಲ್ಲಿನವರ ಬ್ಲೇಡಿಗೂ ಪೆಟ್ಟು, ನಿಮಗೂ ಬೈಗುಳ.

ಹಲಗೆ ತಿರುಚಿದೆಯಾ ಎಂದು ನೋಡಲು ಆಚಾರಿಗಳ ಒಂದು ಉಪಾಯ ಇದೆ. ಎರಡು ನೇರವಾದ ಪಟ್ಟಿಗಳನ್ನು ಹಲಗೆಯ ಎರಡು ತುದಿಗಳಲ್ಲಿ ಅಡ್ಡ ಇಟ್ಟು, ಒಂದು ಕಡೆಯಿಂದ ಕಣ್ಣು ಕಿರಿದು ಮಾಡಿ ನೋಡುವುದು. ಎರಡು ಪಟ್ಟಿಯ ಅಂಚೂ ಒಂದಕ್ಕೊಂದು ಸಮ ಕಂಡರೆ ಹಲಗೆ ಸರಿ ಇದೆ. ಇಲ್ಲವಾದರೆ ಕೀಸುಳಿ ಹಾಕಿಸಿ. ಸ್ವಂತ ಕೀಸುಳಿ ಇಲ್ಲದವರು ಈ ಒಂದು ಕೆಲಸವನ್ನು ಪೀಠೋಪಕರಣ ಮಾಡುವಲ್ಲಿ ಯಂತ್ರಕ್ಕೆ ಕೊಟ್ಟು ಮಾಡಿಸುವುದೇ ಜಾಣತನ.

ತಲೆ, ನಟ್, ಬ್ರಿಡ್ಜ್

ಮೊದಲು ಹಲಗೆಯ ನಡುವೆ ತುದಿಯಿಂದ ತುದಿಗೆ ನೂಲು ಹಿಡಿದು ಒಂದು ನೇರ ಗೆರೆ ಎಳೆಯಿರಿ. ಮುಂದಿನ ಎಲ್ಲ ಅಳತೆಯೂ ಈ ಗೆರೆಯಿಂದಲೇ. ಇದನ್ನು ಮಾಡದೆ ಅಂಚಿನಿಂದ ಅಳೆದವರ ತಂತಿಗಳು ಓರೆಯಾಗಿ ಹೋಗುತ್ತವೆ.

ತಲೆಯ ಕಡೆ ಸುಮಾರು 15 ಸೆಂ.ಮೀ. ಉದ್ದಕ್ಕೆ ಮೇಲಿನಿಂದ ಮರ ತೆಗೆದು, ಅಲ್ಲಿ ದಪ್ಪ 15 ಮಿ.ಮೀ. ಉಳಿಯುವಂತೆ ಮಾಡಬೇಕು. ಗಿಟಾರ್ ಅಂಗಡಿಯಲ್ಲಿ ಸಿಗುವ, ತಂತಿ ಬಿಗಿ ಮಾಡುವ ಟ್ಯೂನಿಂಗ್ ಕೀಗಳು ಅಷ್ಟು ದಪ್ಪಕ್ಕೆ ಕೂರುವಂಥವು. ಮೇಲಿನಿಂದಲೇ ತೆಗೆಯಲು ಕಾರಣ ಇದೆ. ತಂತಿ ನಟ್ ದಾಟಿದ ಮೇಲೆ ಕೆಳಗೆ ಇಳಿಯಬೇಕು. ಇಳಿಯದೆ ನೇರ ಹೋದರೆ ನಟ್ ಮೇಲೆ ಒತ್ತಡ ಇರುವುದಿಲ್ಲ, ತಂತಿ ಕುಣಿಯುತ್ತದೆ, ಸದ್ದು ಸಾಯುತ್ತದೆ.

ನಟ್ ಮತ್ತು ಬ್ರಿಡ್ಜ್ ಎರಡಕ್ಕೂ ಅರ್ಧ ಇಂಚಿನ ಅಲ್ಯೂಮಿನಿಯಂ ಎಲ್ ಆಂಗಲ್ ಸಾಕು. ಅಲ್ಯೂಮಿನಿಯಂ ಕಿಟಕಿ ಮಾಡುವವರ ಹತ್ತಿರ ತುಂಡುಗಳು ಬಿದ್ದಿರುತ್ತವೆ. ಒಂದು ಬದಿಯನ್ನು ಹಲಗೆಗೆ ಸ್ಕ್ರೂ ಮಾಡಿದರೆ ಇನ್ನೊಂದು ಬದಿ ಗೋಡೆಯಾಗಿ ನಿಲ್ಲುತ್ತದೆ. ಅದರ ಅಂಚಿನಲ್ಲಿ ಅರ ಹಾಕಿ ತಂತಿಗೆ ಕಚ್ಚು ಮಾಡುವುದು. ತಂತಿಯಿಂದ ತಂತಿಗೆ ನಟ್‌ನಲ್ಲಿ 9.5 ಮಿ.ಮೀ., ಬ್ರಿಡ್ಜ್‌ನಲ್ಲಿ 10.5 ಮಿ.ಮೀ. ಅಂತರ ಇಟ್ಟರೆ ಬೆರಳಿಗೆ ಜಾಗ ಸಿಗುತ್ತದೆ.

ಈಗ ಅತಿ ಮುಖ್ಯವಾದ ವಿಷಯ. ಬಾರ್ ನೇರವಾದ ಉಕ್ಕು. ಅದು ಆರೂ ತಂತಿಯನ್ನು ಒಟ್ಟಿಗೆ ಮುಟ್ಟಬೇಕು. ಹಾಗಾಗಿ ಒಂದೇ ಮಟ್ಟದಲ್ಲಿರಬೇಕಾದ್ದು ತಂತಿಗಳ ಮೇಲ್ಭಾಗ, ಕಚ್ಚುಗಳ ತಳ ಅಲ್ಲ. ದಪ್ಪ ತಂತಿ ಸುಮಾರು 1.35 ಮಿ.ಮೀ., ತೆಳು ತಂತಿ 0.3 ಮಿ.ಮೀ. ಎಲ್ಲ ಕಚ್ಚುಗಳನ್ನೂ ಒಂದೇ ಆಳಕ್ಕೆ ಕೊರೆದರೆ ದಪ್ಪ ತಂತಿ ಒಂದು ಮಿಲಿಮೀಟರ್ ಎತ್ತರ ನಿಲ್ಲುತ್ತದೆ, ಬಾರ್ ಅದರ ಮೇಲೆ ಕೂತು ಪಕ್ಕದ ತೆಳು ತಂತಿಯನ್ನು ಸರಿಯಾಗಿ ಮುಟ್ಟುವುದೇ ಇಲ್ಲ. ಜಿರ್ರ್ ಎಂಬ ಸದ್ದು ಬರುತ್ತದೆ. ಪಾಪ, ಜನ ಪಿಕಪ್ (ತಂತಿಯ ನಡುಕವನ್ನು ಕರೆಂಟ್ ಮಾಡುವ ಭಾಗ) ಕೆಟ್ಟಿದೆ ಎಂದುಕೊಂಡು ಅದನ್ನು ಬಿಚ್ಚುತ್ತಾರೆ. ದಪ್ಪ ತಂತಿಗೆ ಆಳ ಕಚ್ಚು, ತೆಳುವಿಗೆ ಮೇಲು ಕಚ್ಚು. ಸ್ಟೀಲ್ ಸ್ಕೇಲನ್ನು ತಂತಿಗಳ ಮೇಲೆ ಅಡ್ಡ ಇಟ್ಟು, ಹಿಂದಿನಿಂದ ಬೆಳಕು ಬಿಟ್ಟು ನೋಡುತ್ತಾ ಸ್ವಲ್ಪ ಸ್ವಲ್ಪವೇ ಅರ ಹಾಕಿ. ಜಾಸ್ತಿ ಕೊರೆದರೆ ತುಂಬಲು ಆಗುವುದಿಲ್ಲ. ಇಡೀ ಗಿಟಾರ್‌ನಲ್ಲಿ ತಾಳ್ಮೆ ಬೇಕಾದ ಕೆಲಸ ಇದೊಂದೇ.

ಸ್ಕ್ರೂ ಎಲ್ಲವೂ ಸ್ಟೇನ್‌ಲೆಸ್ ಇರಲಿ. ಮಲ್ಪೆ, ಉಳ್ಳಾಲದಂಥ ಕಡಲ ಬದಿಯ ಊರಿನಲ್ಲಿ ಕಬ್ಬಿಣದ ಸ್ಕ್ರೂ ಒಂದು ಮಳೆಗಾಲದಲ್ಲಿ ತುಕ್ಕು ಹಿಡಿದು ತಲೆ ಸವೆಯುತ್ತದೆ. ಮಂಗಳೂರಿನವರಿಗೆ ಬಂದರಿನ ಹಾರ್ಡ್‌ವೇರ್ ಅಂಗಡಿಗಳಿವೆ, ಅಲ್ಲಿ ಬಿಡಿಯಾಗಿ ಕೇಳಿ ನೋಡಿ. ತಂತಿಗೂ ಉಪ್ಪು ಗಾಳಿ ಆಗದು. ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸಿಡಿ.

ಬಾರ್

ಇದನ್ನು ಕೊಳ್ಳಬಹುದು, ಮಾಡಿಸಲೂಬಹುದು. ಬೈಕಂಪಾಡಿ, ಯೆಯ್ಯಾಡಿ ಅಥವಾ ಮಣಿಪಾಲದ ಕಡೆಯ ಯಾವುದಾದರೂ ಲೇತ್ ಕೆಲಸದವರ ಹತ್ತಿರ 20 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ರಾಡನ್ನು 75 ಮಿ.ಮೀ. ಉದ್ದಕ್ಕೆ ಕತ್ತರಿಸಿ, ಒಂದು ತುದಿ ಗುಂಡಗೆ ಮಾಡಿಸಿ. ತೂಕ ಸುಮಾರು 185 ಗ್ರಾಂ ಬರುತ್ತದೆ. ಆ ತೂಕ ಬೇಕು. ಹಗುರವಾದ ಪೈಪಿನ ತುಂಡು ಹಿಡಿದರೆ ತಂತಿಯ ಮೇಲೆ ಗಟ್ಟಿ ಕೂರದೆ ಸ್ವರ ಬೇಗ ಸಾಯುತ್ತದೆ. ಲೇತಿನ ಗೆರೆಗಳು ಹೋಗುವ ತನಕ 400, 800, 1200, 2000 ನಂಬರಿನ ಎಮರಿ ಪೇಪರ್ ಒಂದಾದ ಮೇಲೊಂದು ಉಜ್ಜಿ. ಗೆರೆ ಉಳಿದರೆ ಜಾರಿಸುವಾಗ ಕರಕರ ಕೇಳುತ್ತದೆ.

ಪಿಕಪ್: ಸದ್ದು ಕರೆಂಟ್ ಆಗುವುದು ಹೇಗೆ?

ಹಳೆ ಸೈಕಲ್ಲಿನ ಡೈನಮೋ ನೆನಪಿದೆ ಅಲ್ವಾ? ಚಕ್ರ ತಿರುಗಿದರೆ ಒಳಗಿನ ಅಯಸ್ಕಾಂತ ತಿರುಗಿ, ಪಕ್ಕದ ತಾಮ್ರದ ಸುರುಳಿಯಲ್ಲಿ ಕರೆಂಟ್ ಹುಟ್ಟಿ ದೀಪ ಉರಿಯುತ್ತಿತ್ತು. ಪಿಕಪ್ ಕೂಡ ಅದೇ. ಅಯಸ್ಕಾಂತ ಇದೆ, ಸುತ್ತ ತಾಮ್ರದ ಸುರುಳಿ ಇದೆ. ಇಲ್ಲಿ ಅಯಸ್ಕಾಂತ ತಿರುಗುವುದಿಲ್ಲ, ಅದರ ಮೇಲೆ ಉಕ್ಕಿನ ತಂತಿ ನಡುಗುತ್ತದೆ. ನಡುಕಕ್ಕೆ ಕಾಂತಕ್ಷೇತ್ರ ಅಲ್ಲಾಡಿ ಸುರುಳಿಯಲ್ಲಿ ಅದೇ ಲಯದ ಸಣ್ಣ ಕರೆಂಟ್ ಹುಟ್ಟುತ್ತದೆ. ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡುತ್ತದೆ. ಹಾಗಾಗಿ ತಂತಿ ಉಕ್ಕಿನದ್ದೇ ಆಗಬೇಕು. ನೈಲಾನ್ ತಂತಿ ಹಾಕಿದರೆ ಪಿಕಪ್‌ಗೆ ಅದು ಇರುವುದೇ ಗೊತ್ತಾಗುವುದಿಲ್ಲ.

ಪಿಕಪ್ ಕೂಡ ಮನೆಯಲ್ಲೇ ಸುತ್ತೋಣ ಎಂಬ ಆಸೆ ಬರುತ್ತದೆ. ತಾಮ್ರದ ಎಳೆ 0.063 ಮಿ.ಮೀ. ದಪ್ಪ, ಸುತ್ತು ಸಾವಿರಗಟ್ಟಲೆ. ಮೋಟಾರ್ ವೈಂಡಿಂಗ್‌ನವರ ಹತ್ತಿರ ಇರುವ ತಂತಿ ಇದಕ್ಕಿಂತ ಎಷ್ಟೋ ದಪ್ಪ. ಮೊದಲ ಗಿಟಾರಿಗೆ ಸಿದ್ಧ ಪಿಕಪ್ ತಂದು ಹಾಕಿ, ಸುಮ್ನೆ ತಲೆಬಿಸಿ ಬೇಡ.

ಅದರಲ್ಲಿ ಎರಡು ಜಾತಿ. ಒಂದೇ ಸುರುಳಿಯದ್ದು ಸಿಂಗಲ್ ಕಾಯಿಲ್. ಸದ್ದು ತಿಳಿಯಾಗಿರುತ್ತದೆ, ಆದರೆ ಮನೆಯ ವೈರಿಂಗ್‌ನ ಗುಂಯ್ ಸದ್ದನ್ನೂ ಎಳೆದುಕೊಳ್ಳುತ್ತದೆ. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ತಿರುವುಮುರುವಾಗುತ್ತದೆ, ಆ ಗುಂಯ್ ಅದರದ್ದೇ. ಇನ್ನೊಂದು ಹಂಬಕರ್. ಎರಡು ಸುರುಳಿಗಳನ್ನೂ ಅವುಗಳ ಅಯಸ್ಕಾಂತವನ್ನೂ ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿರುತ್ತಾರೆ. ಹೊರಗಿನ ಗುಂಯ್ ಒಂದರಲ್ಲಿ ಕೂಡಿದ್ದು ಇನ್ನೊಂದರಲ್ಲಿ ಕಳೆದುಹೋಗುತ್ತದೆ, ತಂತಿಯ ಸದ್ದು ಮಾತ್ರ ಉಳಿಯುತ್ತದೆ. ಹಳೆ ವೈರಿಂಗ್ ಇರುವ ಮನೆಗೆ ಹಂಬಕರ್ ಒಳ್ಳೆಯದು.

ಪಿಕಪ್ ಬ್ರಿಡ್ಜ್‌ಗೆ ಹತ್ತಿರ ಇದ್ದರೆ ಸದ್ದು ಚೂಪು, ದೂರ ಇದ್ದರೆ ದುಂಡು. ಬ್ರಿಡ್ಜ್‌ನಿಂದ 4-5 ಸೆಂ.ಮೀ. ದೂರದಲ್ಲಿಟ್ಟರೆ ಎರಡಕ್ಕೂ ನಡುವಿನ ಸದ್ದು. ತಂತಿಗೂ ಪಿಕಪ್‌ಗೂ 3 ಮಿ.ಮೀ. ಆಸುಪಾಸು ಬಿಡಿ. ತಂತಿ ಮೊದಲೇ ಎತ್ತರದಲ್ಲಿ ಇರುವುದರಿಂದ ಮರದಲ್ಲಿ ಆಳವಾದ ಗುಂಡಿ ಬೇಡ. ಡ್ರಿಲ್‌ನಿಂದ ತೂತು ಮಾಡಿ ಉಳಿಯಿಂದ ಸಮ ಮಾಡಿದರೂ ಆಯಿತು.

ವೈರಿಂಗ್ ಹೆದರುವಂಥದ್ದಲ್ಲ. ಬೇಕಾದ್ದು ಒಂದು ವಾಲ್ಯೂಮ್ ಕಂಟ್ರೋಲ್ ಮತ್ತು ಆಂಪ್ಲಿಫೈಯರ್‌ನ ವೈರು ಚುಚ್ಚಲು ಕಾಲು ಇಂಚಿನ ಜಾಕ್. ಹಂಬಕರ್‌ಗೆ 500 ಕಿಲೋ ಓಮ್, ಸಿಂಗಲ್ ಕಾಯಿಲ್‌ಗೆ 250 ಕಿಲೋ ಓಮ್ ಕಂಟ್ರೋಲ್. ಅದಕ್ಕೆ ಮೂರು ಕಾಲು ಇರುತ್ತವೆ. ಪಿಕಪ್‌ನ ಸಿಗ್ನಲ್ ವೈರು ಒಂದು ಬದಿಯ ಕಾಲಿಗೆ, ನಡುವಿನ ಕಾಲಿನಿಂದ ಜಾಕ್‌ನ ತುದಿಗೆ. ಇನ್ನೊಂದು ಬದಿಯ ಕಾಲು, ಪಿಕಪ್‌ನ ಎರಡನೇ ವೈರು, ಜಾಕ್‌ನ ಹೊರಮೈ, ಮತ್ತು ಬ್ರಿಡ್ಜ್‌ನಿಂದ ತಂದ ಒಂದು ವೈರು, ಇವೆಲ್ಲ ಕಂಟ್ರೋಲ್‌ನ ಲೋಹದ ಬೆನ್ನಿಗೆ ಬೆಸುಗೆ. ಗುಬುಟು ಬಲಕ್ಕೆ ತಿರುಗಿಸಿದಾಗ ಸದ್ದು ಇಳಿದರೆ ಎರಡು ಬದಿಯ ಕಾಲಿನ ವೈರುಗಳನ್ನು ಅದಲುಬದಲು ಮಾಡಿ.

ಬ್ರಿಡ್ಜ್‌ಗೆ ವೈರು ಯಾಕೆ? ನಮ್ಮ ಮೈ ಕೂಡ ಸುತ್ತಲಿನ ಗುಂಯ್ ಹಿಡಿದು ಪಿಕಪ್‌ಗೆ ದಾಟಿಸುತ್ತದೆ. ತಂತಿ ಮುಟ್ಟಿದಾಗ ಅದು ಬ್ರಿಡ್ಜ್ ಮೂಲಕ ಅರ್ತ್‌ಗೆ ಹೋಗಿ ಸದ್ದು ಶಾಂತವಾಗುತ್ತದೆ. ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಎಲ್ಲ ಸರಿ. ಜಾಸ್ತಿಯಾದರೆ ಜಾಕ್‌ನಲ್ಲಿ ಎರಡು ವೈರು ತಿರುಗಾಮುರುಗಾ ಆಗಿದೆ ಎಂದು ಲೆಕ್ಕ.

ಅರ್ತಿಂಗ್ ನೋಡದೆ ಪ್ಲಗ್ ಹಾಕಬೇಡಿ

ಈಗ ಹೇಳಿದ ಆ ವೈರಿನಿಂದಲೇ ಒಂದು ಅಪಾಯವೂ ಇದೆ. ನಿಮ್ಮ ಕೈಯಲ್ಲಿರುವ ತಂತಿ ಜಾಕ್ ಮೂಲಕ ಆಂಪ್ಲಿಫೈಯರ್‌ನ ಲೋಹದ ಪೆಟ್ಟಿಗೆಗೆ ಸೇರಿರುತ್ತದೆ. ಆಂಪ್ಲಿಫೈಯರ್ ಒಳಗೆ ಏನಾದರೂ ಕೆಟ್ಟು ಪೆಟ್ಟಿಗೆಗೆ ಕರೆಂಟ್ ಬಂದರೆ, ಸಾಕೆಟ್ಟಿನಲ್ಲಿ ಅರ್ತ್ ಸರಿ ಇದ್ದಲ್ಲಿ ಅದು ನೆಲಕ್ಕೆ ಹೋಗುತ್ತದೆ. ಅರ್ತ್ ಇಲ್ಲದಿದ್ದರೆ ನಿಮ್ಮ ಮೂಲಕ ಹೋಗುತ್ತದೆ. ಮಳೆಗಾಲದಲ್ಲಿ ತೇವದ ನೆಲ, ಬರಿಗಾಲು, ಎದುರಿಗೆ ಹಾಡಲು ಮೈಕು ಬೇರೆ. ತಮಾಷೆಯಲ್ಲ ಮಾರಾಯ್ರೆ.

ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನು ಮಾಡಿ ಹಾಕಬೇಡಿ. ಹಳೆ ಮನೆಯಾದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಗುಂಡಿ ನೋಡಿಸಿ, ಬೇಸಗೆಯಲ್ಲಿ ಒಣಗಿದರೆ ಅದು ಕೆಲಸ ಮಾಡುವುದಿಲ್ಲ. ಮೇನ್‌ನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇದ್ದರೆ ಇನ್ನೂ ಒಳ್ಳೆಯದು. ಇದೆಲ್ಲ ಆಗುವ ತನಕ ಬ್ಯಾಟರಿಯ ಸಣ್ಣ ಆಂಪ್ಲಿಫೈಯರ್‌ನಲ್ಲಿ ನುಡಿಸಬಹುದು.

ಶ್ರುತಿ ಮತ್ತು ತಂತಿ

ಬಾರ್ ನೇರ ಇರುವುದರಿಂದ ತೆರೆದ ತಂತಿಗಳೇ ಒಂದು ಸ್ವರಮೇಳ ಆಗುವಂತೆ ಶ್ರುತಿ ಮಾಡಬೇಕು. ಶುರುವಿಗೆ ಓಪನ್ ಡಿ ಒಳ್ಳೆಯದು. ದಪ್ಪ ತಂತಿಯಿಂದ ತೆಳುವಿಗೆ: ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ನಮ್ಮ ಲೆಕ್ಕದಲ್ಲಿ ಸ, ಪ, ಸ, ಗ, ಪ, ಸ. ಮಾಮೂಲಿ ಗಿಟಾರ್ ಶ್ರುತಿಯಿಂದ ಇದಕ್ಕೆ ಬರುವಾಗ ನಾಲ್ಕು ತಂತಿ ಇಳಿಯುತ್ತವೆ, ಎರಡು ಇದ್ದಲ್ಲೇ ಇರುತ್ತವೆ, ಯಾವುದೂ ಏರುವುದಿಲ್ಲ. ಹಾಗಾಗಿ ತಂತಿ ತುಂಡಾಗುವ ಭಯ ಇಲ್ಲ. ಡೋಬ್ರೋ ಎಂಬ, ಒಡಲಲ್ಲಿ ಲೋಹದ ತಟ್ಟೆ ಇರುವ ಗಿಟಾರ್‌ನವರ ಜಿ ಶ್ರುತಿಯಲ್ಲಿ ಹೀಗಲ್ಲ, ಅದರಲ್ಲಿ ಕೆಳಗಿನ ತಂತಿಗಳು ಏರುತ್ತವೆ, ಅದಕ್ಕೆ ಬೇರೆಯೇ ದಪ್ಪದ ತಂತಿ ಬೇಕು.

ಓಪನ್ ಡಿಗೆ ಎಲೆಕ್ಟ್ರಿಕ್ ಗಿಟಾರ್‌ನ 12 ಅಥವಾ 13ರಿಂದ (ಅತಿ ತೆಳು ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ) ಶುರುವಾಗುವ ದಪ್ಪ ಸೆಟ್ ತನ್ನಿ. ಸಾಮಾನ್ಯ ಎಲೆಕ್ಟ್ರಿಕ್ ಗಿಟಾರ್‌ನ ಸ್ಕೇಲ್ ಸುಮಾರು 648 ಮಿ.ಮೀ., ನಮ್ಮದು 600. ಅದೂ ಅಲ್ಲದೆ ತುದಿಯ ತಂತಿಗಳನ್ನು ಒಂದು ಸ್ವರ ಇಳಿಸಿದ್ದೇವೆ. ಎರಡೂ ಸೇರಿದರೆ ಆ ತಂತಿಗಳ ಬಿಗಿತ ಸುಮಾರು ಮೂರನೇ ಒಂದು ಭಾಗ ಕಮ್ಮಿಯಾಗುತ್ತದೆ. ತೆಳು ಸೆಟ್ ಹಾಕಿದರೆ ಬಾರ್ ಇಟ್ಟ ಕೂಡಲೇ ತಂತಿ ಕುಸಿದು ಸ್ವರ ಏರುಪೇರಾಗುತ್ತದೆ.

ಮೊದಲ ಸಲ ನುಡಿಸಿದಾಗ ಸದ್ದು ಕರ್ಕಶವಾಗಿದ್ದರೆ ಗಾಬರಿ ಬೇಡ. ಬಾರಿನ ಹಿಂದೆ, ನಟ್ ಕಡೆ ಉಳಿದ ತಂತಿಯೂ ನಡುಗುತ್ತಿರುತ್ತದೆ. ಎಡಗೈಯ ಉಂಗುರ ಬೆರಳು, ಕಿರುಬೆರಳನ್ನು ಬಾರಿನ ಹಿಂದೆ ತಂತಿಯ ಮೇಲೆ ಹಗುರವಾಗಿ ಎಳೆದುಕೊಂಡು ಹೋದರೆ ಆ ಸದ್ದು ನಿಲ್ಲುತ್ತದೆ. ಬಾರ್ ಗೆರೆಯ ನೇರ ಮೇಲೆ ಇರಬೇಕು, ಮಾಮೂಲಿ ಗಿಟಾರ್‌ನ ಹಾಗೆ ಹಿಂದೆ ಅಲ್ಲ.

ಪಾಲಿಶ್ ಕೊನೆಗೆ

ಎಲ್ಲರೂ ಪಾಲಿಶ್‌ಗೆ ಅವಸರ ಮಾಡುತ್ತಾರೆ. ಬರಿ ಮರದಲ್ಲೇ ಪಿಕಪ್, ತಂತಿ ಎಲ್ಲ ಹಾಕಿ, ಪೂರ್ತಿ ಶ್ರುತಿಗೆ ಏರಿಸಿ ಒಂದು ವಾರ ಬಿಡಿ. ಆಮೇಲೆ ಉದ್ದದ ಸ್ಟೀಲ್ ಸ್ಕೇಲನ್ನು ಹಲಗೆಯ ಮೇಲೆ ಉದ್ದಕ್ಕೆ ಇಟ್ಟು ನೋಡಿ. ನಡುವೆ ಬೆಳಕು ಕಂಡರೆ ಹಲಗೆ ಬಾಗಿದೆ. ಅರ್ಧ ಮಿಲಿಮೀಟರ್ ಬಾಗಿ ಅಲ್ಲೇ ನಿಂತರೆ ತೊಂದರೆ ಇಲ್ಲ, ತಂತಿ ಎತ್ತರದಲ್ಲಿ ಇದೆಯಲ್ಲ. ವಾರದಿಂದ ವಾರಕ್ಕೆ ಜಾಸ್ತಿ ಆಗುತ್ತಿದ್ದರೆ ಹಿಂದುಗಡೆ ಒಂದು ಅಲ್ಯೂಮಿನಿಯಂ ಚೌಕ ಪೈಪ್ ಉದ್ದಕ್ಕೆ ಸ್ಕ್ರೂ ಮಾಡಿ ಬಿಗಿ ಮಾಡಬಹುದು. ಪಾಲಿಶ್ ಆದ ಮೇಲೆ ಇದನ್ನೆಲ್ಲ ಮಾಡಲು ಮನಸ್ಸು ಬರುವುದಿಲ್ಲ.

ಎಲ್ಲ ಸರಿ ಇದ್ದರೆ ಬಿಚ್ಚಿ, ಮರಕ್ಕೆ ಸ್ಯಾಂಡ್ ಪೇಪರ್ ಹಾಕಿ, ಗೆರೆಗಳಿಗೆ ಪೇಂಟ್ ಕೊಟ್ಟು ಪಾಲಿಶ್ ಮಾಡಿ. ಮಳೆಗಾಲದಲ್ಲಿ ಮಾತ್ರ ಬೇಡ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಫ್ರೆಂಚ್ ಪಾಲಿಶ್ ಒಣಗುತ್ತಾ ಬೆಳ್ಳಗೆ ಮಂಜು ಹಿಡಿದ ಹಾಗೆ ಆಗುತ್ತದೆ. ಮಳೆ ಮುಗಿಯುವ ತನಕ ಬರಿ ಮರದಲ್ಲೇ ನುಡಿಸುತ್ತಿರಿ, ನವರಾತ್ರಿ ಕಳೆದು ಬಿಸಿಲು ಬಿದ್ದ ಮೇಲೆ ಪಾಲಿಶ್ ಬಾಟ್ಲಿ ತೆರೆದರೆ ಸಾಕು.